ಸಾಕಂದ್ರೂ ತಕ್ಸಾನ್

ಆಯಿ,

ನಿನ್ನ ಮೊಮ್ಮಗಳು ಸಾಕ್ಷಿ ಇಲ್ಲಿಂದನ ಕಾಲಿಗೆ ಬಿದ್ದಾಳಂತ ತಿಳ್ಕೊ. ಇವತ್ತ ನಾ ಕುಣ್ಯೂದೊಂದ ಬಾಕಿ!

ಇಲ್ಲಿ ಜಪಾನದ ವೃದ್ಧಾಶ್ರಮದಾಗ ನಾ ನೋಡ್ಕೊಳ್ಳೋ ಸಾತೊ ಅಜ್ಜಿ, ಗಂಡ ಸತ್ತಾಗಿಂದ ಎರಡ ತುತ್ತ ತಿಂದು ಬಟ್ಟಲ ಸರಸ್ತಿದ್ಲು. ನಿನ್ನೆ ಅನ್ನ ಬಡಸೂಮುಂದ ಸಾಕಂತ ಕೈ ಅಡ್ಡ ಹಿಡದ್ಲು. ನಮ್ಮೂರು ಕನ್ನೊಳ್ಳ್ಯಾಗ ಬೀಗರು ಸಾಕಂದ್ರ ಯಾರರ ಬಿಡ್ತಾರೇನ? "ತಕ್ಸಾನ್, ತಕ್ಸಾನ್" ಅಂತ ಇನ್ನೊಂದ ಸೌಟ ಹಾಕೇಬಿಟ್ಟೆ. ತಕ್ಸಾನ್ ಅಂದ್ರ ನಾವು ರಗಡ, ಭಾಳ ಅಂತೇವಲ್ಲ, ಅದು. ನಮ್ಮ ಮೇಲ್ವಿಚಾರಕಿ ಬಾಯಾರು ಬೈದ್ರು, "ಇಲ್ಲಿ ಸಾಕಂದ್ರ ಸಾಕು" ಅಂತ. ಆದ್ರ ಇಲ್ಲಿಯ ಮುದುಕರು ಬಟ್ಟಲದಾಗ ಒಂದ ಅಗಳ ಬಿಡಂಗಿಲ್ಲ! ಅಜ್ಜಿ ನನ್ನ ಕೆಕ್ಕರಿಸಿ ನೋಡಕೋಂತ ಎಲ್ಲಾ ಉಂಡ್ಲು.

ಇವತ್ತ ಅಂಜಿ ಸ್ವಲ್ಪ ಬಡಸಿದೆ. ಅಜ್ಜಿ ಬಟ್ಟಲ ಟೇಬಲ್ ಮ್ಯಾಲ ಕುಟ್ಟಿ "ತಕ್ಸಾನ್!" ಅಂದ್ಲು. ನಿನ್ನೆ ಬೈದ ಬಾಯಾರೇ ಓಡಿಬಂದು ಸೌಟ ನನ್ನ ಕೈಯಾಗ ಕೊಟ್ರು.

ನನ್ನ ನೆಗಡಿ ಹೋತು. ಶೇಂಗಾ ಹಿಂಡಿ ತೀರೇತಿ, ಕಳಸು. ನೀ ಮೊಣಕಾಲಿಗೆ ಎಣ್ಣಿ ತಕ್ಸಾನ್ ಹಚ್ಕೊ. ರಾತ್ರಿ ಊಟದ ಗಂಟಿ ಇನ್ನೂ ಹೊಡದಿಲ್ಲ, ಅಜ್ಜಿ ಆಗಲೇ ಬಟ್ಟಲ ಹಿಡ್ಕೊಂಡ ನಿಂತಾಳ. ಓಡ್ತೇನಿ.

ಸಾಕ್ಷಿ