ದರ್ಜಿಯ ಹತ್ತು ಮೊಳ ದಾರ

ಲೋ ತಮ್ಮ,

ಅಂಗಡಿಗೆ ಹೊರಟೆ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು. ಪಾತ್ರೆ ತೊಳೆದಿಡು.

ನಿನ್ನ ದಾಳದ ಆಟಕ್ಕೆ ಕತ್ತಿವೀರ, ಮಂತ್ರವಾದಿ ಇದ್ದ ಹಾಗೆ ‘ದರ್ಜಿ’ ಅಂತ ನಾನು ಒಂದು ಹೊಸ ಪಾತ್ರ ಬರೆದುಕೊಟ್ಟೆ. ಮೊದಲ ದಿನ, "ಸೂಜಿ ಹಿಡ್ಕೊಂಡು ಯುದ್ಧ ಮಾಡ್ತಾಳಾ?" ಅಂತ ನೀನು ಬಿದ್ದು ಬಿದ್ದು ನಕ್ಕೆ. ಹೋದ ವಾರ ಅವಳು ನಿನ್ನ ಡ್ರ್ಯಾಗನ್ನಿನ ಎರಡೂ ರೆಕ್ಕೆ ಸೇರಿಸಿ ಹೊಲಿದಳು ನೋಡು, ಆಗಿನಿಂದ "ಅವಳ ಶಕ್ತಿ ಜಾಸ್ತಿಯಾಯ್ತು" ಅಂತ ನಿನ್ನದು ಒಂದೇ ರಾಗ. ಇವತ್ತು ಬೆಳಿಗ್ಗೆ ನೋಡಿದ್ರೆ ಅವಳ ಹಾಳೆಯಲ್ಲಿ ಹತ್ತು ಮೊಳ ದಾರಕ್ಕೆ ಕೆಂಪು ಗೀಟು ಎಳೆದು ಐದು ಮಾಡಿದ್ದೀಯ!

ಮೇಜಿನ ಮೇಲಿರೋ ನೀಲಿ ಪುಸ್ತಕ ತೆಗೆದು ನೋಡು. ಅವಳನ್ನೂ ಕತ್ತಿವೀರನನ್ನೂ ಇಪ್ಪತ್ತು ಸಲ ಕಾದಾಡಿಸಿ ಬರೆದಿಟ್ಟಿದ್ದೀನಿ. ಅವನು ಗೆದ್ದಿದ್ದು ಹನ್ನೊಂದು, ಅವಳು ಒಂಬತ್ತು. ಒಂದೊಂದು ಹೊಲಿಗೆಗೂ ಒಂದು ಮೊಳ ದಾರ ಹೋಗುತ್ತೆ, ಮುಗಿದರೆ ಬರಿಗೈ. ತನ್ನ ಗಾಯ ತಾನೇ ಹೊಲಿದುಕೊಳ್ಳೋ ಹಾಗೂ ಇಲ್ಲ. ದಿನಾ ಅಳತೆ ನೋಡಿ ಬಟ್ಟೆ ಕತ್ತರಿಸೋಳು ನಾನು ಕಣೋ, ನನಗೆ ಅಳತೆ ಹೇಳಿಕೊಡೋಕೆ ಬರಬೇಡ. ಒಂದು ಗೇಣೂ ಕಡಿಮೆ ಮಾಡಲ್ಲ.

ಇಪ್ಪತ್ತು ಮುಖದ ದಾಳ ನನ್ನ ಗುಂಡಿ ಡಬ್ಬಿಯಲ್ಲಿ ಅಂಗಡಿಗೆ ಹೊರಟಿದೆ. ಸಂಜೆ ನಿನ್ನ ಗೆಳೆಯರು ಬರೋ ಮುಂಚೆ, ಐದು ಹೊಡೆದುಹಾಕಿ ಹತ್ತು ಅಂತ ಬರೆದು, ಆ ಹಾಳೆ ಅಂಗಡಿಗೆ ತಂದು ತೋರಿಸಿ ದಾಳ ತಗೊಂಡು ಹೋಗು. ಇಲ್ಲಾಂದ್ರೆ ನಿನ್ನ ಡ್ರ್ಯಾಗನ್ ದಾಳದ ಬದಲು ಚೀಟಿ ಎತ್ತಿ ಬೆಂಕಿ ಉಗುಳಲಿ.

ಬರುವಾಗ ಕುರ್ಚಿ ಮೇಲಿರೋ ಪ್ಯಾಂಟ್ ಹಾಕ್ಕೋ. ಹರಿದ ಜೇಬು ಹೊಲಿದಿದ್ದೀನಿ, ದಾಳ ಉದುರಲ್ಲ. ನಿನ್ನ ಒಂದು ಜೇಬಿಗೇ ಎರಡು ಮೊಳ ದಾರ ಹಿಡೀತು. ಡ್ರ್ಯಾಗನ್ನಿಗೆ ಐದು ಸಾಲುತ್ತೇನೋ?

ಅಕ್ಕ