ಒಂಬತ್ತನೇ ಕಲಮು

ಬೆಂಗೇರಿ, ಹುಬ್ಬಳ್ಳಿ
೧೪ ನವೆಂಬರ್ ೨೦೨೪, ಗುರುವಾರ

ಅಪ್ಪಾಜಿಗೆ ನಿಮ್ಮ ರಾಜಿಯ ಶರಣುಗಳು.

ಮೊಣಕಾಲಿನ ನೋವು ಈಗ ಹೇಗಿದೆ? ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ನೀವು ನಾಲ್ಕು ದಿನ ಮಾಡಿ ಬಿಟ್ಟುಬಿಟ್ಟಿರೆಂದು ಸೌಂದರ್ಯಾ ದೂರು ಹೇಳಿದಳು. ಸೊಸೆಯ ಮಾತು ಕೇಳುವುದಿಲ್ಲ, ಮಗಳು ಎದುರಿಗಿಲ್ಲ, ಹೀಗಾಗಿ ಸೊಲ್ಲಾಪುರದಲ್ಲಿ ನಿಮ್ಮದೇ ರಾಜ್ಯ ನಡೆದಿದೆ ಅನ್ನಿ. ರಾತ್ರಿ ನಿದ್ದೆ ಬರುತ್ತದೆಯೇ? ಬಿಪಿ ಗುಳಿಗೆಯನ್ನು ಊಟದ ನಂತರವೇ ತೆಗೆದುಕೊಳ್ಳಿ. ನಾನು ಆರಾಮ ಇದ್ದೇನೆ. ಕಾಲೇಜಿನಲ್ಲಿ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು, ಉತ್ತರಪತ್ರಿಕೆಗಳ ಕಟ್ಟುಗಳು ಮನೆಗೂ ಬರಲಿವೆ. ದಿನಾ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಫೋನಿನಲ್ಲಾದರೆ ತಮ್ಮ ಶಿವಯೋಗೀಶ ಸ್ಪೀಕರ್ ಹಚ್ಚುತ್ತಾನೆ, ಹಿಂದೆ ಟಿವಿ ಸಪ್ಪಳ, ನಾನು ಅರ್ಧ ಹೇಳುವುದರೊಳಗೆ ನೀವು "ಆತು ಬಿಡವಾ, ನೀ ಹೆಂಗ ಅಂತಿ ಹಂಗ" ಅಂದುಬಿಡುತ್ತೀರಿ. ಈ ಸಲ ನೀವು ಹಾಗೆ ಅನ್ನಬಾರದು. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಕನ್ನಡಕ ಹಾಕಿಕೊಂಡು ನೀವೇ ಓದಿ.

ವಿಷಯ ಅವ್ವನ ಸಮಾಧಿಯ ಕಟ್ಟೆಯದು. ಬೈರಿದೇವರಕೊಪ್ಪದ ನಮ್ಮ ಎರಡೂವರೆ ಎಕರೆಯನ್ನು ಲೇಔಟ್ ಮಾಡಲು ಬಿಲ್ಡರ್ ಪ್ರಸಾದನಿಗೆ ಕರಾರು ಬರೆದುಕೊಟ್ಟು ಒಂದು ವರ್ಷ ಎಂಟು ತಿಂಗಳಾಯಿತು. ಆ ಹೊಲದ ಮೂಲೆಯಲ್ಲಿ ಬನ್ನಿಗಿಡದ ಹತ್ತಿರ ಅವ್ವನನ್ನು ಮಣ್ಣು ಮಾಡಿದ ದಿನ ನೀವು ಕುಣಿ ತೋಡುವವರನ್ನು ತಡೆದು ನಿಲ್ಲಿಸಿದಿರಿ. ಎಡಕ್ಕೆ ನಾಲ್ಕು ಹೆಜ್ಜೆ ಅಳೆದು, "ಈ ಕಡೆ ಗುದ್ದಲಿ ಹಚ್ಚಬ್ಯಾಡ್ರಿ, ಇಷ್ಟು ನನಗ ಇರಲಿ" ಎಂದಿರಿ. ಆಮೇಲೆ ಹನ್ನೊಂದು ವರ್ಷ ಆ ನಾಲ್ಕು ಹೆಜ್ಜೆಯಲ್ಲಿ ನೀವು ಒಂದು ಕಾಳು ಜೋಳ ಬಿತ್ತಲಿಲ್ಲ. ಆ ಜಾಗ ಈಗ ನಮ್ಮ ಕೈ ಬಿಟ್ಟು ಹೋಗುವುದರಲ್ಲಿದೆ, ಅವ್ವನದೂ, ನಿಮ್ಮದೂ. ಹಾಗೆ ಹೋಗಲು ದಾರಿ ಮಾಡಿಕೊಟ್ಟವಳು ನಾನು.

ಕರಾರಿನ ಕರಡು ಬಂದ ದಿನ ನೆನಪು ಮಾಡಿಕೊಳ್ಳಿ. ಹದಿನಾಲ್ಕು ಪುಟ. ನೀವು ಕೈಯಲ್ಲಿ ಹಿಡಿದು ತೂಗಿ ನೋಡಿದಂತೆ ಮಾಡಿ, ಹಳೇ ಹುಬ್ಬಳ್ಳಿಗೆ ಹೋಗಿ ಇಸ್ತಿಯಾಕನಿಗೆ ಒಮ್ಮೆ ತೋರಿಸೋಣ ಎಂದಿರಿ. ನಮ್ಮ ಮನೆಯ ಖರೀದಿಪತ್ರ, ಆಸ್ತಿ ಪಾಲು ಮಾಡಿದ ವಾಟ್ನಿಪತ್ರಗಳನ್ನೆಲ್ಲ ಬರೆದವರು ಅವನೂ ಅವನ ತಂದೆಯೂ. ನನಗೆ ಅವಮಾನವಾಯಿತು. ಮಗಳು ಕನ್ನಡ ಎಂ.ಎ. ಮಾಡಿ ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದಾಳೆ, ಅವಳಿಗೆ ಕನ್ನಡದಲ್ಲಿ ಬರೆದ ಕಾಗದ ತಿಳಿಯುವುದಿಲ್ಲವೇ ಎಂದು ಮುಖ ಗಂಟು ಹಾಕಿದೆ. ನೀವು ನಕ್ಕು, "ಹಂಗಾರ ನೀನ ಓದವಾ, ನಾ ಸಹಿ ಹಾಕ್ತೇನಿ" ಎಂದಿರಿ. ಅಷ್ಟೇ ಮಾತು. ಆ ಮಾತಿನ ಭಾರ ನನಗೆ ಆಗ ಗೊತ್ತಾಗಲಿಲ್ಲ, ಅಪ್ಪಾಜಿ.

ನಾನು ಓದಿದೆ. ಕವಿತೆ ಓದುವ ಹಾಗೆಯೇ ಓದಿದೆ, ಪೆನ್ಸಿಲ್ ಹಿಡಿದು, ಚೆನ್ನಾಗಿಲ್ಲದ ವಾಕ್ಯಗಳ ಕೆಳಗೆ ಗೆರೆ ಎಳೆದು. ಅವ್ವನ ಕಟ್ಟೆಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಪ್ರಸಾದನನ್ನು ಕರೆಸಿ ಅದು ಬರಲೇಬೇಕು ಎಂದೆ. ಅವನು, "ನೀವ ಬರದು ಕೊಡ್ರಿ ಮೇಡಂ, ಹಂಗ ಹಾಕಸ್ತೇನಿ" ಎಂದ. ನನ್ನ ಹಳೆಯ ವಿದ್ಯಾರ್ಥಿ ಎನ್ನುವ ಸಲಿಗೆ ಬೇರೆ. ಎರಡು ದಿನ ಕೂತು ಬರೆದೆ. ನೈಋತ್ಯ ಮೂಲೆಯ ಹತ್ತು ಗುಂಟೆ ಜಾಗವನ್ನು ಮನೆ ಕಟ್ಟಲು ಬಳಸದೆ, ಮಾರದೆ, ಎಂದೆಂದಿಗೂ ಹಸಿರಿನ ಉದ್ಯಾನವಾಗಿ ಉಳಿಸತಕ್ಕದ್ದು ಎಂದು. ಅದೇ ಒಂಬತ್ತನೇ ಕಲಮು. ಬರೀ ಕಟ್ಟೆ ಉಳಿದರೆ ಸಾಲದು, ಸುತ್ತ ಗಿಡಗಳಿರಲಿ, ನೆರಳಿರಲಿ, ಸಂಜೆ ಯಾರಾದರೂ ಬಂದು ಕೂಡಲಿ ಎನಿಸಿತ್ತು. ಪ್ರಸಾದ ಒಂದು ಅಕ್ಷರ ತಿದ್ದದೆ ಒಪ್ಪಿದ. ನನ್ನ ಬರವಣಿಗೆಗೆ ಮನಸೋತ ಎಂದು ನಂಬಿದ ಮೂರ್ಖಳು ನಾನು. ಎರಡೂವರೆ ಎಕರೆಯ ಲೇಔಟಿಗೆ ಸುಮಾರು ಅಷ್ಟೇ ಜಾಗವನ್ನು ಅವನು ಹೇಗೂ ಉದ್ಯಾನಕ್ಕೆಂದು ಬಿಡಬೇಕಿತ್ತು. ನಾನು ಅವನಿಗೆ ಕಷ್ಟ ಕೊಡಲಿಲ್ಲ, ಅವನ ಕೆಲಸವನ್ನೇ ಮಾಡಿಕೊಟ್ಟೆ.

ಹದಿನೇಳನೇ ಕಲಮನ್ನೂ ನಿಮಗೆ ಓದಿ ಹೇಳಿದ್ದೆ, ಬೇಗ ಬೇಗ, ಹೊತ್ತಾಯಿತು ಎಂದು. ಅನುಮೋದನೆಯಾದ ನಕ್ಷೆಯಲ್ಲಿ ರಸ್ತೆ, ಉದ್ಯಾನ ಎಂದು ತೋರಿಸಿದ ಎಲ್ಲ ಜಾಗವನ್ನು ಮಾಲೀಕರು ಪ್ರತಿಫಲವಿಲ್ಲದೆ ಯೋಜನಾ ಕಚೇರಿಗೆ ನೋಂದಣಿ ಮಾಡಿ ಬಿಟ್ಟುಕೊಡತಕ್ಕದ್ದು ಎಂದು ಅದರಲ್ಲಿತ್ತು. ಆ ವಾಕ್ಯದಲ್ಲಿ ಅವ್ವನ ಹೆಸರಿರಲಿಲ್ಲ, ಬನ್ನಿಗಿಡ ಇರಲಿಲ್ಲ, ಹೀಗಾಗಿ ನನ್ನ ಕಣ್ಣು ಅಲ್ಲಿ ನಿಲ್ಲಲಿಲ್ಲ. ಕವಿತೆಯಲ್ಲಿ ಮುಂದೆ ಬರುವ ಸಾಲು ಹಿಂದಿನದಕ್ಕೆ ಬೆಳಕು ಕೊಡುತ್ತದೆ. ಕರಾರಿನಲ್ಲಿ ಅದು ಹಿಂದಿನದನ್ನು ನುಂಗಿ ಸುಮ್ಮನೆ ಕೂತಿರುತ್ತದೆ. ಇಷ್ಟು ವರ್ಷ ಓದಿ ನಾನು ಕಲಿತದ್ದು ಒಂದೇ ಬಗೆಯ ಓದು.

ನನಗೆ ಇದು ಗೊತ್ತಾದದ್ದು ಕಳೆದ ತಿಂಗಳು, ಶೀಗಿ ಹುಣ್ಣಿಮೆಯ ದಿನ. ನೀವಿಲ್ಲದಿದ್ದರೂ ಭೂತಾಯಿಗೆ ಚರಗ ಚೆಲ್ಲುವುದು ತಪ್ಪಬಾರದೆಂದು ಒಂದಿಷ್ಟು ಕಡಬು, ಬದನೆಕಾಯಿ ಪಲ್ಯ ಕಟ್ಟಿಕೊಂಡು ಒಬ್ಬಳೇ ಹೋದೆ. ಹೊಲ ಎನ್ನುವುದೇ ಇಲ್ಲ ಈಗ. ಎರೆಮಣ್ಣಿನ ಮೇಲೆ ಕೆಂಪು ಗರಸು ಹಾಕಿ ರಸ್ತೆ ಮಾಡಿದ್ದಾರೆ, ಕಲ್ಲು ನೆಟ್ಟು ನಂಬರು ಬರೆದಿದ್ದಾರೆ. ಬನ್ನಿಗಿಡದ ಪಕ್ಕದಲ್ಲಿ ಉದ್ಯಾನದ ಜಾಗ ಎಂದು ಹೊಸ ಫಲಕ. ಅವ್ವನ ಕಟ್ಟೆಯ ನಾಲ್ಕೂ ಮೂಲೆಗೆ ಸುಣ್ಣದ ಗುರುತು. ಎಡೆ ಇಟ್ಟು ಕೂತಿದ್ದೆ, ಕಾವಲಿಗೆ ಇಟ್ಟ ಮುದುಕ ಬಂದು, "ಪಾರ್ಕಿನ್ಯಾಗ ಊಟಾ ಮಾಡಂಗಿಲ್ಲರಿ ಬಾಯಾರ" ಎಂದ. ಇದು ನಮ್ಮ ಹೊಲ ಅಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅವನು ಗೊಣಗಿದ, ಆದರೂ ಕೊಟ್ಟ ಕಡಬನ್ನು ತಿಂದ. ಸುಣ್ಣದ ಗುರುತು ಯಾತಕ್ಕೆ ಎಂದು ಕೇಳಿದರೆ ಕಟ್ಟೆ ಕೀಳುವುದಕ್ಕೆ ಎಂದ. ಅವನಿಗೆ ಅದು ಯಾರ ಕಟ್ಟೆ ಎನ್ನುವುದು ಗೊತ್ತಿರಲಿಲ್ಲ.

ಅಲ್ಲಿಂದಲೇ ಪ್ರಸಾದನಿಗೆ ಫೋನ್ ಮಾಡಿದೆ. ಅವನು ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ಕಚೇರಿಯವರು ಸ್ಥಳ ನೋಡಲು ಬಂದಾಗ ಉದ್ಯಾನದಲ್ಲಿ ಸಮಾಧಿ ಇರಕೂಡದು ಎಂದು ಬರೆದು ಹೋದರಂತೆ. ಅಲ್ಲಿ ಸುತ್ತ ಓಡಾಡುವ ದಾರಿ, ಕೈಕಾಲು ಆಡಿಸುವ ಯಂತ್ರಗಳು ಬರುತ್ತವಂತೆ. ಅಯ್ಯನವರನ್ನು ಕರೆಸಿ, ಎಲ್ಲ ವಿಧಿ ಮಾಡಿಸಿ, ಅವ್ವನನ್ನು ರುದ್ರಭೂಮಿಗೆ ಒಯ್ಯುವ ಜವಾಬ್ದಾರಿ ತನ್ನದಂತೆ. ಕೊನೆಗೆ ಹೇಳಿದ, "ಮೇಡಂ, ಉದ್ಯಾನ ಮಾಡ್ರಿ ಅಂತ ಬರದಾವ್ರು ನೀವ ಅಲ್ಲೇನ್ರಿ?" ಅದರಲ್ಲಿ ಕುಹಕವೂ ಇರಲಿಲ್ಲ. ಇದ್ದಿದ್ದರೆ ನನಗೆ ಜಗಳ ಮಾಡಲು ಒಂದು ಆಧಾರವಾದರೂ ಸಿಗುತ್ತಿತ್ತು.

ಆಮೇಲೆ ಮೂರು ಸಲ ರಜೆ ಹಾಕಿ ಯೋಜನಾ ಕಚೇರಿಗೆ ಅಲೆದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿ, ಎರಡನೇ ಸಲ ಫೈಲು ಇನ್ನೊಂದು ಕೋಣೆಯಲ್ಲಿ. ಮೂರನೇ ಸಲ ಒಬ್ಬ ಅಧಿಕಾರಿ ಸಿಕ್ಕಳು, ಮಯೂರಿ ಎಂದು, ನನ್ನ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಕುರ್ಚಿ ಕೊಟ್ಟಳು, ನಕ್ಷೆ ಹಾಸಿ ಹಸಿರು ಬಣ್ಣ ಹಚ್ಚಿದ ಮೂಲೆಯನ್ನು ತೋರಿಸಿದಳು. ನಾನು ಒಂಬತ್ತನೇ ಕಲಮಿನ ಪ್ರತಿಯನ್ನು ಅವಳ ಮುಂದಿಟ್ಟೆ. ಅವಳು ಪೂರ್ತಿ ಓದಿ, "ಭಾಳ ಛಲೋ ಬರದೀರಿ ಮೇಡಂ. ಆದ್ರ ಇದು ನೀವೂ ಬಿಲ್ಡರೂ ಮಾಡ್ಕೊಂಡ ಮಾತು. ನಕ್ಷೆದಾಗ ಉದ್ಯಾನ ಅಂತ ಬಂದ ಮ್ಯಾಲ ಅದು ಊರಂದು ಆತ್ರಿ, ಅಲ್ಲೆ ಯಾರನ್ನೂ ಹೂಳಾಕ ಬರಂಗಿಲ್ಲ" ಎಂದಳು. ಅವಳ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ಪ್ರಯತ್ನಪಟ್ಟೆ ಗೊತ್ತೇ. ಅವಳು ಹೇಳಿದ್ದು ಸರಿಯೇ ಇತ್ತು. ಊರಿಗೆ ಉದ್ಯಾನ ಬೇಡವೇ? ನಾನೇ ತರಗತಿಯಲ್ಲಿ ನಿಂತು ಬಯಲು ಎಲ್ಲರದು ಎಂದು ಗಂಟಲು ಹರಿಯುವ ಹಾಗೆ ಪಾಠ ಮಾಡಿದವಳು. ಎಲ್ಲರದು ಆದದ್ದು ಅವ್ವನದಾಗಿ ಉಳಿಯುವುದಿಲ್ಲ ಎನ್ನುವುದು ಆ ಪಾಠದಲ್ಲಿ ಬರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆ ಸಿಟ್ಟನ್ನು ಯಾರ ಮೇಲೂ ಹಾಕಲಾಗಲಿಲ್ಲ, ಅಪ್ಪಾಜಿ.

ಕಡೆಗೆ ಹೋದದ್ದು ಹಳೇ ಹುಬ್ಬಳ್ಳಿಗೆ. ಮೊದಲೇ ಹೋಗಬೇಕಿದ್ದ ಕಡೆಗೆ ಎಲ್ಲ ಮುಗಿದ ಮೇಲೆ ಹೋದೆ. ಇಸ್ತಿಯಾಕ ಕೂಡಿಸಿ ಮೊದಲು ನಿಮ್ಮ ಮೊಣಕಾಲು ಕೇಳಿದ. ಆಮೇಲೆ ಕರಾರನ್ನು ನಿಧಾನವಾಗಿ ಓದಿದ. ನನ್ನ ಕಲಮನ್ನು ಒಂದೇ ಸಲ ಓದಿದ, ಹದಿನೇಳನೆಯದನ್ನು ಮೂರು ಸಲ. ಓದಿ ಮುಗಿಸಿ ಕನ್ನಡಕ ತೆಗೆದು, "ಅಕ್ಕಾರ, ಇಂಥಾ ಜಾಗಾ ನಕ್ಷೆದಾಗ ಇಟ್ಟು ಕಾಯೂದಲ್ಲರಿ. ಮದಲ ನಕ್ಷೆದಿಂದ ಹೊರಗ ಇಡಬೇಕಿತ್ತು" ಎಂದ. ನಮ್ಮ ಅಜ್ಜನ ವಾಟ್ನಿಯಲ್ಲಿ ಅವನ ತಂದೆ ಹಾಗೇ ಮಾಡಿದ್ದರಂತೆ. ಹಿರಿಯರ ಕಟ್ಟೆ ಇದ್ದ ಮಣ್ಣನ್ನು ಯಾರ ಪಾಲಿಗೂ ಹಾಕದೆ, ಬೇರೆ ಅಳೆಸಿ, ಬೇರೆ ಪಹಣಿ ಉತಾರ ಮಾಡಿಸಿ ಬಿಟ್ಟಿದ್ದರಂತೆ. ನಮ್ಮವರು ಯಾವತ್ತೂ ಮಾಡುತ್ತ ಬಂದ ಕೆಲಸವಂತೆ. ನೀವು ಅವನಿಗೆ ತೋರಿಸೋಣ ಎಂದದ್ದು ಇದಕ್ಕೇ ಇರಬೇಕು. ಹಾಗೆಂದು ನೀವು ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈಗಲೂ ಒಂದು ಸಣ್ಣ ದಾರಿ ಇದೆ ಎನ್ನುತ್ತಾನೆ ಅವನು. ಉದ್ಯಾನವನ್ನು ಕಚೇರಿಗೆ ಬಿಟ್ಟುಕೊಡುವ ಪತ್ರ ಇನ್ನೂ ನೋಂದಣಿಯಾಗಿಲ್ಲ. ಅದಕ್ಕೆ ಮಾಲೀಕರ ಸಹಿ ಬೇಕು, ಮಾಲೀಕರು ನೀವು. ಅಷ್ಟರೊಳಗೆ ಕಟ್ಟೆಯ ಸುತ್ತಿನ ಎರಡು ಗುಂಟೆಯನ್ನಷ್ಟೇ ಬೇರೆ ಅಳೆಸಿ ಲೇಔಟಿನಿಂದ ಹೊರಗಿಟ್ಟು ತಿದ್ದಿದ ನಕ್ಷೆ ಕೊಟ್ಟರೆ ಆ ಮಣ್ಣು ಹೊಲವಾಗಿಯೇ ಉಳಿಯುತ್ತದೆ. ಹಳೆಯ ಬಂಡಿದಾರಿಗೆ ಹತ್ತಿದ ಜಾಗವಾದ್ದರಿಂದ ಹೋಗಿ ಬರಲೂ ತೊಂದರೆಯಿಲ್ಲ. ಆದರೆ ಉದ್ಯಾನದಲ್ಲಿ ಕಡಿಮೆಯಾಗುವ ಎರಡು ಗುಂಟೆಯನ್ನು ಬೇರೆ ಕಡೆ ತುಂಬಿಕೊಡಬೇಕು. ಅಂದರೆ ಎರಡು ಸೈಟು ಹೋಗುತ್ತವೆ. ಕೆಲಸವೂ ಆರೆಂಟು ತಿಂಗಳು ನಿಲ್ಲುತ್ತದೆ. ಪ್ರಸಾದ ತನ್ನ ಸೈಟುಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಶಿವಯೋಗೀಶನಿಗೆ ಅವನ ಪಾಲಿನದು ಮಕ್ಕಳ ಓದಿಗೆ ಬೇಕು, ಅದನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ. ಕಟ್ಟೆ ಕೀಳುವ ಮಾತು ಅವನಿಗೆ ಇನ್ನೂ ಗೊತ್ತಿಲ್ಲ. ಉದ್ಯಾನ ಎಂದರೆ ಅವ್ವ ಅಲ್ಲೇ ಇರುತ್ತಾಳೆ ಎಂದು ಅವನೂ ನನ್ನ ಹಾಗೇ ತಿಳಿದಿದ್ದಾನೆ.

ಇದಿಷ್ಟು ಸುದ್ದಿ. ನೀವು ಯೋಚನೆ ಮಾಡಿ ಹೇಳಿ. ನಿಮ್ಮ ಮನಸ್ಸಿಗೆ ಬಂದದ್ದನ್ನು ಹೇಳಿ, ನನ್ನ ಮನಸ್ಸಿಗೆ ಸರಿ ಕಾಣುವುದನ್ನಲ್ಲ. ಸೌಂದರ್ಯಾಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಚಳಿ ಶುರುವಾಗಿದೆ, ಬೆಳಿಗ್ಗೆ ಕಿವಿಗೆ ಮಫ್ಲರ್ ಕಟ್ಟಿಕೊಳ್ಳದೆ ಹೊರಗೆ ಬರಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲೆ ಇದೆ ಎಂದುಕೊಂಡೇ ಇದನ್ನು ಮುಗಿಸುತ್ತೇನೆ, ಇರದಿದ್ದರೂ ತಪ್ಪು ನಿಮ್ಮದಲ್ಲ.

ನಿಮ್ಮ ಮಗಳು
ರಾಜೇಶ್ವರಿ

ತಾ.ಕ.: ಮಡಚುವ ಮುಂಚೆ ಒಮ್ಮೆ ಓದಿದೆ. ಇಷ್ಟುದ್ದ ಬರೆದು ಹೇಳಬೇಕಾದದ್ದನ್ನೇ ಬಿಟ್ಟಿದ್ದೇನೆ. ಬಿಟ್ಟುಕೊಡುವ ಪತ್ರಕ್ಕೆ ಮಕ್ಕಳ ಒಪ್ಪಿಗೆಯ ಸಹಿಯೂ ಬೇಕಿತ್ತು. ಶಿವಯೋಗೀಶನದು ಮೊದಲೇ ಆಗಿತ್ತು. ಮೊನ್ನೆ ಮಂಗಳವಾರ ಪ್ರಸಾದ ಕಾಲೇಜಿಗೆ ಬಂದಾಗ ನಾನೂ ಮಾಡಿಕೊಟ್ಟೆ. ಎಲ್ಲ ಗೊತ್ತಿದ್ದೂ ಮಾಡಿದೆ. ದಣಿದಿದ್ದೆ ಎಂದು ಹೇಳಿಕೊಳ್ಳಬಹುದು, ಆದರೆ ಖರೇ ಹೇಳಬೇಕೆಂದರೆ ನನ್ನ ಪಾಲಿಗೆ ಬರುವ ಎರಡು ಸೈಟು ಕಣ್ಣ ಮುಂದೆ ಬಂದವು. ನಲವತ್ತೆಂಟು ವರ್ಷ ಬಾಡಿಗೆ ಮನೆ, ಅಪ್ಪನ ಮನೆ ಅಂತ ಕಳೆದೆ, ಒಂದು ಸ್ವಂತ ಬಾಗಿಲು ಬೇಕು ಅನಿಸಿತು. ಎರಡು ದಿನದಿಂದ ಆ ಸಹಿ ನನ್ನನ್ನು ಕೂಡಗೊಡುತ್ತಿಲ್ಲ. ಇವತ್ತು ಮಧ್ಯಾಹ್ನ ಇಸ್ತಿಯಾಕನಿಂದ ಬರೆಸಿ, ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಪ್ರಸಾದನಿಗೂ ಕಚೇರಿಗೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಉದ್ಯಾನಕ್ಕೆ ತುಂಬಿಕೊಡಬೇಕಾದ ಎರಡು ಸೈಟು ನನ್ನವೇ ಹೋಗಲಿ ಎಂದೂ ಅದರಲ್ಲೇ ಬರೆಸಿದ್ದೇನೆ. ಈ ಸಲ ಒಂದು ಚೆಂದದ ಶಬ್ದವನ್ನೂ ಸೇರಿಸಲಿಲ್ಲ. ಮುಂದಿನ ಗುರುವಾರ ಪ್ರಸಾದ ಕಾರಿನಲ್ಲಿ ಸೊಲ್ಲಾಪುರಕ್ಕೆ ಬರುತ್ತಾನೆ, ನನ್ನ ಸಹಿ ತೋರಿಸುತ್ತಾನೆ, ಮಗಳು ಓದಿ ಒಪ್ಪಿದ್ದಾಳೆ ಎನ್ನುತ್ತಾನೆ. ಅವನಿಗೆ ಊಟ ಹಾಕಿ, ಚಹಾ ಕೊಡಿ, ಊರ ಸುದ್ದಿ ಕೇಳಿ. ಪೆನ್ನು ಕೊಟ್ಟರೆ ಮಾತ್ರ ಮುಟ್ಟಬೇಡಿ.