ಕಾರಿನ ಬಿಕ್ಕಳಿಕೆ

೨೫ ಆಗಸ್ಟ್ ೧೯೯೬, ಭಾನುವಾರ. ಕ್ಯಾತನಹಳ್ಳಿ

ಡೇರಿಗೆ ಹಾಲು ಹಾಕಿ ಬಂದವನೇ ಬಾನೆಟ್ ಎತ್ತಿದೆ. ನಾಲ್ಕು ಪ್ಲಗ್ಗೂ ಬಿಚ್ಚಿ, ಉಜ್ಜಿ, ಹಾಕಿದೆ. ಸ್ಟಾರ್ಟ್ ಮಾಡಿದರೆ ಅದೇ ಕಥೆ. ಓಡುವಾಗ ತಕರಾರಿಲ್ಲ, ನಿಂತಾಗಲೇ ರೋಗ. ಮೈಯೆಲ್ಲ ನಡುಗಿ, ತಡೆದು ತಡೆದು ಎರಡು ಸಲ ಉಸಿರೆಳೆದು... ಆಫ್.

ಅಳಿಯ ರವೀಂದ್ರ ಹುಬ್ಬಳ್ಳಿಗೆ ವರ್ಗವಾದಾಗ “ಇಟ್ಕೊಳ್ಳಿ ಮಾವ” ಎಂದು ಬಿಟ್ಟುಹೋದ ಕಾರು. ಜಪಾನಿನದು, ಹಳೆಯದು. ಪಂಪ್‌ಸೆಟ್ಟು, ಟ್ರಾಕ್ಟರು ಬಿಚ್ಚಿ ಬಿಚ್ಚಿ ಪಳಗಿದ ಕೈ ನನ್ನದು. ಗುರುವಿಲ್ಲದ ವಿದ್ಯೆ. ಇದರ ಮುಂದೆ ಮಾತ್ರ ಹೊಸ ಅಳಿಯನ ಹಾಗೆ ಎಲ್ಲಿ ಕೂರಬೇಕು ತಿಳಿಯದೆ ನಿಂತಿದ್ದೇನೆ.

ಶೀಳನೆರೆಯಿಂದ ಸುದ್ದಿ ಬಂತು. ತಂಗಿ ಚಿಕ್ಕಬೋರಮ್ಮ ಈ ಸಲ ಗೌರಿಹಬ್ಬಕ್ಕೆ ತವರಿಗೆ ಬರುತ್ತಾಳಂತೆ! ಹೋದ ವರ್ಷ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರಳು. ಹೋದ ಹಬ್ಬಕ್ಕೆ ಬಾಗಿನವನ್ನು ನಾನೇ ಹೊತ್ತು ಹೋಗಿ ಕೊಟ್ಟೆ. ಮೊರ ತೆಗೆದುಕೊಂಡು ಗೋಡೆ ಕಡೆ ತಿರುಗಿಬಿಟ್ಟಳು. ಅದು ಇನ್ನೂ ಕಣ್ಣಲ್ಲೇ ಇದೆ.

ಬಾಡಿಗೆ ಕಾರು ಮಾಡುತ್ತೇನೆ ಎಂದು ಹೇಳಿ ಕಳಿಸಿದ್ದೆ. ಅದಕ್ಕೆ ಉತ್ತರ: “ಬಾಡಿಗೆ ಕಾರಲ್ಲಿ ಬರಕ್ಕೆ ನಾನೇನು ಬೀಗರ ಕಡೆಯೋಳಾ? ಅಣ್ಣಯ್ಯನ ಗಾಡಿ ಬಂದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲ.”

ಅವಳ ಹಟಕ್ಕೂ ಕಾರಣವಿದೆ. ಜೂನ್‌ನಲ್ಲಿ ಅವಳ ಮನೆ ಮುಂದೆಯೇ ಈ ಕಾರು ನಿಂತು, ಬೀದಿಯವರೆಲ್ಲ ತಳ್ಳಿ ಕಳಿಸಿದ್ದರು. ಅಂದಿನಿಂದ ಅಲ್ಲಿ ಇದರ ಹೆಸರೇ ತಳ್ಳೋ ಕಾರು. ಬೋರಿಗೆ ಬಲು ಅವಮಾನ. ಅದೇ ಕಾರು ಅವರೆದುರೇ ತಾನಾಗಿ ಓಡಬೇಕಂತೆ.

ಹಬ್ಬ ಮುಂದಿನ ತಿಂಗಳು ಹದಿನೈದಕ್ಕೆ. ಅವಳನ್ನು ಕೂರಿಸಿಕೊಂಡು ನಡುದಾರಿಯಲ್ಲಿ ನಿಂತರೆ ಏನು ಗತಿ? ಅವಳು ಇಳಿಯುವಂತಿಲ್ಲ, ನಡೆಯುವಂತಿಲ್ಲ.

೨೭ ಆಗಸ್ಟ್

ಪಾಂಡವಪುರಕ್ಕೆ ಹೋದೆ. ಗ್ಯಾರೇಜಿನ ಕರಿಯಪ್ಪ ಬಗ್ಗಿ ಬಗ್ಗಿ ನೋಡಿದ. ಸುತ್ತ ಒಂದು ಪ್ರದಕ್ಷಿಣೆಯನ್ನೂ ಹಾಕಿದ.

“ಹೊನ್ನಪ್ಪಣ್ಣ, ಇದ್ರಲ್ಲಿ ಕಾರ್ಬುರೇಟ್ರೇ ಇಲ್ವಲ್ಲ. ಎಲ್ಲಿಗೆ ಅಂತ ಕೈ ಹಾಕ್ಲಿ?”

ಕೊನೆಗೆ ಒಂದು ಸ್ಕ್ರೂ ಸಿಕ್ಕಿತು. ತಿರುಗಿಸಿದ. ಆಫ್ ಆಗುವುದು ನಿಂತಿತು ನಿಜ — ಆದರೆ ನಿಂತಲ್ಲೇ ಹಿಟ್ಟಿನ ಗಿರಣಿಯ ಸದ್ದು. ಗೇರಿಗೆ ಹಾಕಿದರೆ ಕಾಲು ಒತ್ತದೆಯೇ ಓಡುತ್ತದೆ. ನಮ್ಮ ಬೀದಿಯಲ್ಲಿ ಕೋಳಿಗಳೆಲ್ಲ ಚಾವಣಿ ಹತ್ತಿದವು. ಹೆಂಡತಿ ಯಶೋದ ಬಾಗಿಲಿಗೆ ಬಂದು, ಬೋರಮ್ಮನ್ನ ಕರ್ಕೊಂಡು ಬತ್ತೀರೋ ರಾಗಿ ಬೀಸ್ಕೊಂಡು ಬತ್ತೀರೋ ಎಂದು ಕೇಳಿದಳು.

ಸ್ಕ್ರೂ ಇದ್ದ ಜಾಗಕ್ಕೇ ತಿರುಗಿಸಿದೆ. ರೋಗ ಮುಚ್ಚಿಟ್ಟರೆ ವಾಸಿಯಾದಂತಲ್ಲ.

೩೦ ಆಗಸ್ಟ್

ಎಸ್‌ಟಿಡಿ ಬೂತಿನಿಂದ ರವೀಂದ್ರನಿಗೆ ಫೋನು ಮಾಡಿದೆ. ಅವನಿಗೂ ರಿಪೇರಿ ಗೊತ್ತಿಲ್ಲ. ಆದರೆ ಒಂದು ಮಾತು ಹೇಳಿದ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಮುಂದಿರುವ ಒಂದು ಪೆಟ್ಟಿಗೆ ಅಳೆಯುತ್ತದಂತೆ. ಎಷ್ಟು ಗಾಳಿಯೋ ಅದಕ್ಕೆ ತಕ್ಕ ಪೆಟ್ರೋಲು. ಇಂಜೆಕ್ಷನ್ ಎಂದರೆ ಅಷ್ಟೇ ಮಾವ ಎಂದ.

ಅಷ್ಟೇ ಅಂತೆ!

ಸಂಜೆ ಪೆಟ್ಟಿಗೆ ಬಿಚ್ಚಿ ಒರೆಸಿದೆ. ಒಳಗೆ ಪುಟ್ಟ ಬಾಗಿಲಿನಂಥ ತಗಡು. ಚೆನ್ನಾಗಿಯೇ ಇದೆ. ಸ್ಟಾರ್ಟ್ ಮಾಡಿದರೆ ಮತ್ತೆ ನಡುಕ. ಯಶೋದ ಸೊಪ್ಪು ಬಿಡಿಸುತ್ತ ಕೂತಿದ್ದಳು.

“ನಡುಕ ಅಲ್ಲ ಕಣ್ರೀ, ಬಿಕ್ಕಳಿಕೆ ಅದು. ಯಾರೋ ನೆನೆಸ್ಕತಾವ್ರೆ. ಎಸ್ರು ಹೇಳಿ, ನಿಲ್ತದೆ.”

ತಮಾಷೆಗೆ ಅಳಿಯನ ಹೆಸರು ಹೇಳಿದೆ. ನಿಲ್ಲಲಿಲ್ಲ. ಮಗಳ ಹೆಸರು, ಕರಿಯಪ್ಪನ ಹೆಸರು... ಇಲ್ಲ. “ಬೋರಮ್ಮ” ಎಂದಳು ಯಶೋದ. ಎಂಜಿನ್ನು ಒಂದು ಸಲ ಕೆಮ್ಮಿ ಪೂರ್ತಿ ಆಫ್ ಆಯಿತು.

ಇಬ್ಬರೂ ನಕ್ಕೆವು. ಯಶೋದ ಸೊಪ್ಪಿನ ಮೊರದ ಮೇಲೇ ಬಾಗಿಬಿಟ್ಟಳು.

೬ ಸೆಪ್ಟೆಂಬರ್, ಶುಕ್ರವಾರ. ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಕಬ್ಬಿನ ಕೆಲಸ ಒಂದು ಕಡೆ. ಇನ್ನೊಂದು ಕಡೆ ಬರೆಯಲು ಸೋಲೊಂದೇ ಇತ್ತು. ನಿನ್ನೆ ಬೋರಿಗೆ ಕಾರ್ಡು ಬರೆಯಲು ಕೂತೆ, “ಈ ಸಲವೂ” ಎಂಬಲ್ಲಿಗೆ ಪೆನ್ನು ನಿಂತಿತು. ಕಾರ್ಡು ಹಾಗೇ ಇದೆ.

ಇವತ್ತು ಶ್ರಾವಣದ ಕೊನೆಯ ಶುಕ್ರವಾರ. ಯಶೋದ ಕಾರಿಗೂ ಪೂಜೆ ಮಾಡುತ್ತಾಳಂತೆ. ಮಾಡಲಿ. ನನ್ನ ಸ್ಪ್ಯಾನರಿಗಂತೂ ಅದು ಬಗ್ಗಲಿಲ್ಲ.

ಅದೇ ದಿನ, ಮಧ್ಯಾಹ್ನ

ಕೈ ಇನ್ನೂ ಕಪ್ಪಾಗಿದೆ. ತೊಳೆಯುವ ಮೊದಲೇ ಬರೆಯುತ್ತಿದ್ದೇನೆ.

ಎಂಜಿನ್ನು ಆನ್ ಮಾಡಿ ಕೆಳಗೆ ಬಗ್ಗಿ ನೋಡುತ್ತಿದ್ದೆ. ಯಶೋದ ಬಂದವಳೇ ಬಾನೆಟ್ಟಿನೊಳಗೆ ಊದುಬತ್ತಿ ಬೆಳಗಲು ಶುರು ಮಾಡಿದಳು. ಪೆಟ್ರೋಲಿರುವ ಜಾಗ, ಮನೆಗೇ ಬೆಂಕಿ ಹಚ್ಚುತ್ತೀಯಾ ಎಂದು ಗದರಿ ಎದ್ದೆ. ಅವಳು ಕೈ ಹಿಂದಕ್ಕೆಳೆದಳು.

ಆಗ ಕಂಡಿತು. ಮೇಲಕ್ಕೆ ಹೋಗಬೇಕಾದ ಹೊಗೆ ಹೋಗಲಿಲ್ಲ. ನೂಲಿನ ಹಾಗೆ ಎಳೆದುಕೊಂಡು ಅಡ್ಡ ಬಾಗಿ, ಪೆಟ್ಟಿಗೆಯಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯ ಅಡಿಗೆ ನುಗ್ಗಿತು. ಕೊಳವೆಗೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಗಳಿವೆ. ಮೇಲಿನಿಂದ ನೋಡಿದರೆ ಗಟ್ಟಿ. ಕೆಳಗಿನ ಮಡಿಕೆಯಲ್ಲಿ ಬೆರಳುದ್ದದ ಸೀಳು!

ಗಾಳಿ ಎಳೆಯುತ್ತಿದೆ. ಅಯ್ಯೋ, ಪಂಪ್‌ಸೆಟ್ಟಿನ ರೋಗವೇ ಇದು. ನೀರೆಳೆಯುವ ಸಕ್ಷನ್ ಪೈಪು ಗಾಳಿ ಎಳೆದರೆ ನೀರು ಬಿಕ್ಕಿ ಬಿಕ್ಕಿ ಬರುವುದಿಲ್ಲವೇ? ಎಷ್ಟು ಪೈಪುಗಳಿಗೆ ಹಸಿ ಮಣ್ಣು ಮೆತ್ತಿಲ್ಲ ನಾನು! ಕೈ ಅದೇ ಅಭ್ಯಾಸದಲ್ಲಿ ಹೂವಿನ ಪಾತಿಯ ಕೆಸರಿಗೆ ಹೋಯಿತು. ಒಂದು ಹಿಡಿ ತೆಗೆದುಕೊಂಡು ಓಡಿ ಬಂದೆ.

“ಎಂಜಿನ್ಗೆ ಮಣ್ಣು ತಿನ್ನುಸ್ತೀರಾ? ಏನ್ ಬಂದದೆ ನಿಮ್ಗೆ?”

ಒಳ್ಳೆಯ ಗಳಿಗೆಯಲ್ಲಿ ತಡೆದಳು. ಪಂಪು ಮಣ್ಣು ನುಂಗಿದರೆ ನೀರಿನ ಜೊತೆ ಉಗುಳುತ್ತದೆ. ಇದು ಉಗುಳುತ್ತದೆಯೇ? ಕೆಸರು ಎಸೆದು, ಕೈ ಒರೆಸಿ, ಬರೀ ಅಂಗೈಯಿಂದ ಸೀಳು ಮುಚ್ಚಿದೆ.

ನಡುಕ ನಿಂತಿತು.

ಕೈ ತೆಗೆದೆ, ಗಡಗಡ. ಇಟ್ಟೆ, ತೆಪ್ಪಗೆ. ಯಶೋದಳ ಕೈ ಹಿಡಿದು ಅಲ್ಲಿಡಿಸಿದೆ. ಅವಳೂ ತೆಗೆದಳು, ಇಟ್ಟಳು, ತೆಗೆದಳು, ಇಟ್ಟಳು. ಸಾಕು ಬಿಡು ಎಂದರೂ ಬಿಡಲಿಲ್ಲ.

ಯಾಕೆ ಹೀಗೆ ಎಂದು ಕೇಳಿದಳು. ಮದುವೆ ಊಟದ ಲೆಕ್ಕ ಹೇಳಿದೆ. ಮುಂಬಾಗಿಲಲ್ಲಿ ನಿಂತವನು ಜನ ಎಣಿಸಿ ಅಡುಗೆಯವನಿಗೆ ಹೇಳುತ್ತಾನೆ. ಹಿತ್ತಿಲ ಬೇಲಿ ಕಿತ್ತು ಇನ್ನಷ್ಟು ಜನ ನುಗ್ಗಿದರೆ ಅವನ ಲೆಕ್ಕಕ್ಕೆ ಸಿಗುವುದಿಲ್ಲ. ಪಂಕ್ತಿಯಲ್ಲಿ ಅನ್ನ ಸಾಲದು. ಆ ಪೆಟ್ಟಿಗೆ ಬಾಗಿಲು ಕಾಯುವವನು, ಪೆಟ್ರೋಲು ಅನ್ನ, ಈ ಸೀಳು ಬೇಲಿ. ಓಡುವಾಗ ದೊಡ್ಡ ಊಟ, ಹತ್ತು ಜನ ಹೆಚ್ಚಾದರೂ ಗೊತ್ತಾಗದು. ನಿಂತಾಗ ಸಣ್ಣ ಊಟ. ಅದಕ್ಕೇ ಎಳೆದಾಟ.

“ಅಂಗಾದ್ರೆ ಬೇಲಿ ಕಟ್ಟಿ” ಎಂದು ಊದುಬತ್ತಿಯನ್ನು ದೇವರ ಮುಂದೆ ಸಿಕ್ಕಿಸಿ ಬಂದಳು.

ಸದ್ಯಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದೇನೆ. ಕಾರ್ಡಿನಲ್ಲಿ “ಈ ಸಲವೂ” ಎಂದಿದ್ದನ್ನು ಹೊಡೆದುಹಾಕಿ ಬರೆದೆ — ಶನಿವಾರ ಹದಿನಾಲ್ಕಕ್ಕೆ ಬರುತ್ತೇನೆ, ತಯಾರಾಗಿರು ಬೋರಿ.

೧೧ ಸೆಪ್ಟೆಂಬರ್

ಕರಿಯಪ್ಪ ಮೈಸೂರಿನ ಗುಜರಿ ಅಂಗಡಿಯಲ್ಲಿ ಅದೇ ಅಳತೆಯ ಕೊಳವೆ ಹುಡುಕಿ ತಂದ. ಇಬ್ಬರೂ ಸೇರಿ ಹಾಕಿದೆವು. ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆವು. ಪೇಟೆಯ ಗದ್ದಲದಲ್ಲಿ ಬೇಕೆಂದೇ ನಿಲ್ಲಿಸಿ ನೋಡಿದೆವು. ಒಮ್ಮೆಯೂ ಆಫ್ ಆಗಲಿಲ್ಲ. ಊದುಬತ್ತಿ ಯಾವ ಕಂಪನಿಯದು ಅಂತ ಬರ್ಕೊಡಣ್ಣ, ಗ್ಯಾರೇಜ್ಗೆ ಬೇಕು ಎಂದ ಕರಿಯಪ್ಪ.

೧೪ ಸೆಪ್ಟೆಂಬರ್, ಶನಿವಾರ. ರಾತ್ರಿ ಊಟವಾದ ಮೇಲೆ

ಬೋರಿ ಒಳಗೆ ಮಲಗಿದ್ದಾಳೆ. ತವರಲ್ಲಿ!

ಶೀಳನೆರೆಯಲ್ಲಿ ಅವಳ ಬೀದಿಗೆ ತಿರುಗಿದರೆ ಏಳೆಂಟು ಜನ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ. ತಳ್ಳುವುದಕ್ಕೆ. ಪಕ್ಕದ ಮನೆ ಮಂಚಯ್ಯ ಮುಂದಾಳು. ನಾನು ಎಂಜಿನ್ನು ಆನ್ ಇಟ್ಟೇ ಇಳಿದೆ. ಬೋರಿಯನ್ನು ನಿಧಾನಕ್ಕೆ ನಡೆಸಿ ತಂದು ಕೂರಿಸಿದೆ, ಕಾಲು ಒಳಗಿಟ್ಟೆ, ಬಾಗಿಲು ಹಾಕಿದೆ. ಅಷ್ಟು ಹೊತ್ತೂ ಕಾರು ಕಮಕ್ ಕಿಮಕ್ ಎನ್ನಲಿಲ್ಲ. ಮಂಚಯ್ಯ ಬಾನೆಟ್ಟಿಗೆ ಕೈ ಇಟ್ಟು ನೋಡಿ ಪಂಚೆ ಇಳಿಬಿಟ್ಟ.

ಬೋರಿ ಕಿಟಕಿಯಿಂದ ತಲೆ ಹಾಕಿ, “ಬುಡು ಮಂಚಣ್ಣ, ನಿಂಗೆ ಬೇರೆ ಕೆಲ್ಸ ಹುಡುಕ್ಕೊಡ್ತೀನಿ” ಎಂದಳು.

ಚಿನಕುರಳಿ ಹತ್ತಿರ ಕಬ್ಬಿನ ಗಾಡಿಗಳ ಸಾಲು ಅಡ್ಡ ಬಂತು. ನಿಲ್ಲಿಸಿದೆ. ಬೋರಿ ಸೆರಗು ಹಿಡಿದುಕೊಂಡಳು. ಮುಖ ಬಾಡಿತು.

“ನಿಂತೋಯ್ತಾ ಅಣ್ಣಯ್ಯ?”

ಅವಳ ಕೈ ತೆಗೆದು ಗೇರಿನ ಕಡ್ಡಿಯ ಮೇಲಿಟ್ಟೆ. ಸಣ್ಣ ಅದುರು ಅವಳ ಬೆರಳಿಗೆ ಹತ್ತಿತು. ಕರು ಮಲಗಿ ಮೆಲುಕು ಹಾಕ್ದಂಗೆ ಅದೆ ಎಂದಳು. ಗಾಡಿಗಳೆಲ್ಲ ದಾಟುವವರೆಗೂ ಕೈ ತೆಗೆಯಲಿಲ್ಲ.

ಬಿಕ್ಕಳಿಕೆಯ ಕಥೆ ಹೇಳಿದೆ. ನಗುತ್ತಾಳೆಂದುಕೊಂಡೆ. ನಗಲಿಲ್ಲ. “ನೆನೆಸ್ಕೊಂತಿದ್ದೋಳು ನಾನೇ ಕಣಣ್ಣಯ್ಯ. ಈಗ ಬಂದ್ಬುಟ್ನಲ್ಲ” ಎಂದಳು.

ಕೊಳವೆಯ ವಿಷಯ ಎತ್ತಲಿಲ್ಲ. ಅದರ ಪಾಡಿಗೆ ಅದು ಇರಲಿ.

೧೫ ಸೆಪ್ಟೆಂಬರ್, ಭಾನುವಾರ. ಗೌರಿಹಬ್ಬ

ಪೂಜೆ ಆಯಿತು. ಹೋದ ವರ್ಷ ಗೋಡೆಗೆ ತಿರುಗಿದ್ದವಳು ಇವತ್ತು ಅಮ್ಮ ಕೂರುತ್ತಿದ್ದ ಮಣೆಯ ಪಕ್ಕದಲ್ಲಿ, ಕುರ್ಚಿಯ ಮೇಲೆ ಕೂತು ಮೊರ ತೆಗೆದುಕೊಂಡಳು. ಒಬ್ಬಟ್ಟಿಗೆ ತುಪ್ಪ ಸಾಲದೆಂದು ಯಶೋದಳ ಜೊತೆ ಜಗಳ ಬೇರೆ. ಮನೆ ತುಂಬಿದೆ.

ಈಗ ನಾಲೆ ಏರಿಯ ಮೇಲೆ ಒಂದು ಸುತ್ತು ಹೋಗಬೇಕಂತೆ, ಚಿಕ್ಕಂದಿನಲ್ಲಿ ಈಜುತ್ತಿದ್ದ ಜಾಗ ನೋಡಬೇಕಂತೆ. ಎಂಜಿನ್ನು ಆನ್ ಮಾಡಿಟ್ಟು ಇಬ್ಬರನ್ನೂ ಕೂರಿಸಿ, ಎರಡು ಸಾಲು ಬರೆದು ಬರುತ್ತೇನೆಂದು ಜಗುಲಿಗೆ ಬಂದೆ. ಇಬ್ಬರೂ ಹಾರನ್ನು ಒತ್ತುತ್ತಿದ್ದಾರೆ. ಸದ್ದೇ ಇಲ್ಲ, ಕಾರು ಇನ್ನೂ ಸ್ಟಾರ್ಟೇ ಆಗಿಲ್ಲವಲ್ಲ ಎಂದು ಬೋರಿ ಕೂಗುತ್ತಿದ್ದಾಳೆ. ನಾನೇ ತಿರುಗುಸ್ತೀನಿ ತಡಿ ಅಂತಿದ್ದಾಳೆ ಯಶೋದ. ಅಯ್ಯೋ, ಓಡ್ತಿರೋ ಎಂಜಿನ್ನಿಗೆ ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರಿನ ಹಲ್ಲು ಮುರಿ—